ಗಾಜಿನಲ್ಲಿ ನೀರಿತ್ತು

ನಾನು ಒಂದು ಪುಟ್ಟ ಉಗಿಬಂಡಿ. ಮೊಳದುದ್ದ ಇದ್ದೇನೆಂದು ಆಟಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ನನ್ನ ಹೊಟ್ಟೆಯಲ್ಲಿ ನಿಜವಾದ ಬೆಂಕಿ ಉರಿಯುತ್ತದೆ, ನಿಜವಾದ ನೀರು ಕುದಿಯುತ್ತದೆ, ಆ ಉಗಿಯೇ ನನ್ನ ಗಾಲಿ ತಿರುಗಿಸುತ್ತದೆ.

ಹುಬ್ಬಳ್ಳಿಗೆ ಬಂದಾಗ ನಾನಿನ್ನೂ ಬಂಡಿಯಾಗಿರಲಿಲ್ಲ. ರಟ್ಟಿನ ಪೆಟ್ಟಿಗೆಯೊಳಗೆ ನೂರೆಂಬತ್ತು ತುಂಡುಗಳಾಗಿದ್ದೆ. ತಾಮ್ರದ ಬಾಯ್ಲರು, ಹಿತ್ತಾಳೆಯ ಸಿಲಿಂಡರು, ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು. ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸ ಕಲಿಸಿ ನಿವೃತ್ತಳಾದ ಶಾರವ್ವ ಕಮ್ಮಾರಳಿಗೆ ಜೊತೆಯವರು ಕೊಟ್ಟ ಕಾಣಿಕೆ ನಾನು.

ನನ್ನನ್ನು ಜೋಡಿಸಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಒಂದೊಂದು ತುಂಡಿಗೂ ಅರ ಹಾಕಿ, ಬೆರಳಿನಿಂದ ಸವರಿ ನೋಡಿ ಕೂಡಿಸುತ್ತಿದ್ದಳು. ನಾನು ಪೂರ್ತಿಯಾದ ದಿನ ಹೆಮ್ಮೆಯಿಂದ ಮೇಜಿನ ಮೇಲೆ ನಿಂತಿದ್ದೆ. ಮರುದಿನ ಅವಳು ಗರಗಸ ತಂದು ನನ್ನ ತಲೆಯನ್ನೇ ಕತ್ತರಿಸತೊಡಗಿದಳು! ನಾನು ದಂಗುಬಡಿದುಹೋದೆ.

"ತಡಕೋ. ನಿನಗ ಅದರ ಮಾರಿ ಬರಬೇಕು," ಎಂದಳು.

ಅದರ ಮುಖವೇ? ಅದು ಎಂದರೆ ಯಾವುದು? ಗೋಡೆಯ ಮೇಲೆ ಒಂದು ಫೋಟೊ ಇತ್ತು. ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯುವ ಸಣ್ಣ ಹಳಿಯ ಎಂಜಿನ್, ಅದರ ಮೆಟ್ಟಿಲ ಮೇಲೆ ನಗುತ್ತ ನಿಂತ ಡ್ರೈವರ್. ಅವನು ಶಾರವ್ವನ ಗಂಡ ಮಾನಪ್ಪ. ಅವಳು ಫೋಟೊ ನೋಡಿ ನನಗೆ ತಗಡಿನ ಹೊಸ ಗೂಡು ಕಟ್ಟಿದಳು, ಎತ್ತರದ ಚಿಮಣಿ ಇಟ್ಟಳು, ಕಡುಹಸಿರು ಬಣ್ಣ ಬಳಿದಳು. ನನ್ನ ನೀರಿನ ಗಾಜನ್ನೂ ಕಿತ್ತು ಉದ್ದನೆಯದನ್ನು ಹಾಕಿದಳು. ಈ ಗಾಜಿನ ಕೊಳವೆಯ ಎರಡು ತುದಿಗಳೂ ಬಾಯ್ಲರಿಗೆ ಸೇರಿರುತ್ತವೆ. ಒಳಗೆ ಎಷ್ಟು ನೀರಿದೆಯೋ ಗಾಜಿನಲ್ಲೂ ಅಷ್ಟೇ ಕಾಣಬೇಕು. ಸೋರದಿರಲೆಂದು ತಿರುಪಿಗೆ ಬಿಳಿ ಟೇಪು ಸುತ್ತಿದಳು. ಅದರ ಚೂರೊಂದು ಒಳಗೆ ಜಾರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಮಾನಪ್ಪ ಸತ್ತು ಮೂವತ್ತು ವರ್ಷವಾಗಿತ್ತು. ಹಳಿಯ ಮೇಲೆಯೇ ಎಂಜಿನ್ನಿನ ಬಾಯ್ಲರು ಒಡೆದು ಬೆಂಕಿ, ಉಗಿ ಎರಡೂ ಅವನ ಮೇಲೆ ನುಗ್ಗಿದ್ದವು. ಎರಡನೆಯ ದಿನ ಆಸ್ಪತ್ರೆಯಲ್ಲಿ ಜೀವ ಹೋಯಿತು. ನೀರು ತೀರಿದ್ದನ್ನು ನೋಡದೆ ಬಂಡಿ ಓಡಿಸಿದ್ದೇ ಕಾರಣ ಎಂದು ವಿಚಾರಣೆಯವರು ಬರೆದರು. ಜೊತೆಗಿದ್ದ, ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ದಾದಾಪೀರ ಎಡಗೈ ಸುಟ್ಟುಕೊಂಡು ಬದುಕಿದ. "ಗ್ಲಾಸಿನ್ಯಾಗ ಅರ್ಧ ನೀರಿತ್ತು," ಎಂದು ಅವನು ಕಂಡಕಂಡವರಿಗೆಲ್ಲ ಹೇಳಿದ. ಯಾರೂ ನಂಬಲಿಲ್ಲ. ನೀರು ನೋಡುವುದು ಅವನದೇ ಕೆಲಸ, ತನ್ನ ತಪ್ಪು ಮುಚ್ಚಿಕೊಳ್ಳಲು ಸುಳ್ಳು ಹೇಳುತ್ತಾನೆ ಎಂದುಕೊಂಡಳು ಶಾರವ್ವ. "ನೀರಿದ್ರ ಒಡೀತಿತ್ತೇನು? ಇನ್ನ ಮ್ಯಾಲೆ ನನ್ನ ಬಾಗಲಾ ತುಳೀಬ್ಯಾಡ," ಎಂದು ಅವನನ್ನು ಕಳಿಸಿಬಿಟ್ಟಳು.

ಒಂದು ಭಾನುವಾರ ಹತ್ತು ಗಂಟೆಗೆ ಅವಳು ನನ್ನ ಹೊಟ್ಟೆಗೆ ನೀರು ತುಂಬಿ ಗ್ಯಾಸಿನ ಬೆಂಕಿ ಹಚ್ಚಿದಳು. ಅಂಗಳದ ಹಳಿಯ ಮೇಲೆ ನಾನು ಮೊದಲ ಸಲ ಉಸಿರು ಬಿಟ್ಟೆ. ಓಡಿದೆ! ಸುತ್ತು ಮೇಲೆ ಸುತ್ತು. ಅವಳು ಸೀರೆ ಎತ್ತಿಕಟ್ಟಿ ನನ್ನ ಹಿಂದೆ ಹಿಂದೆಯೇ ನಡೆದಳು. ಮತ್ತೆ ಮತ್ತೆ ಬಗ್ಗಿ ಗಾಜು ನೋಡುವಳು. ಅರ್ಧ ನೀರು. ಸರಿ. ಮತ್ತೊಂದು ಸುತ್ತು. ಅರ್ಧ ನೀರು. ಸರಿ.

ಆಮೇಲೆ ನನ್ನ ಕಾಲು ಸೋತವು. ಮೈಯೆಲ್ಲ ಸುಡತೊಡಗಿತು. ಹೊಸ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು ಸೀದ ವಾಸನೆ ಬಂತು. ಶಾರವ್ವ ಚಂಗನೆ ಎಗರಿ ಗ್ಯಾಸು ಆರಿಸಿದಳು. ಗಾಜು ನೋಡಿದಳು. ಆಗಲೂ ಅರ್ಧ ನೀರು!

ನಾನು ಆರುವವರೆಗೆ ಕಾದು, ಮೇಲಿನ ಬಿರಡೆ ತೆಗೆದು, ಒಂದು ತಂತಿಯನ್ನು ತಳ ಮುಟ್ಟುವ ತನಕ ಇಳಿಬಿಟ್ಟಳು. ತಂತಿ ಒಣಗಿಯೇ ಮೇಲೆ ಬಂತು. ಇನ್ನೊಮ್ಮೆ ಬಿಟ್ಟಳು. ಒಣತಂತಿಯೇ. ಅವಳ ಕಣ್ಣು ತಂತಿಯಿಂದ ಗಾಜಿಗೆ, ಗಾಜಿನಿಂದ ತಂತಿಗೆ ಹೋಯಿತು. ಓಡುವಾಗ ಟೇಪಿನ ಚೂರು ಸೇರಿ ಕೆಳಗಿನ ದಾರಿ ಕಟ್ಟಿಕೊಂಡು ಗಾಜಿನ ನೀರು ಇದ್ದಲ್ಲೇ ಸಿಕ್ಕಿಬಿದ್ದಿತ್ತು. ನಾನು ಅಷ್ಟು ಹೊತ್ತೂ ಅವಳಿಗೆ ಸುಳ್ಳು ತೋರಿಸುತ್ತ ಓಡಿದ್ದೆ. ಸುಳ್ಳು ಹೇಳಬಲ್ಲೆನೆಂಬುದೇ ನನಗೆ ಗೊತ್ತಿರಲಿಲ್ಲ.

ಶಾರವ್ವ ತಂತಿ ಹಿಡಿದೇ ನೆಲದ ಮೇಲೆ ಕೂತಳು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ, ಖರೇನ ಹೇಳಿದ್ನಲ್ಲೋ ದಾದಾಪೀರ," ಎಂದಳು. ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ.

ಅವಳು ನನ್ನನ್ನು ರಿಪೇರಿ ಮಾಡಲಿಲ್ಲ. ಗಾಜು ಮುಟ್ಟಲೂ ಇಲ್ಲ. ಮರುದಿನ ಗದಗಿನ ಬಸ್ಸು ಹತ್ತಿ, ನನ್ನನ್ನು ಮಡಿಲಲ್ಲಿ ನೆಟ್ಟಗೆ ಹಿಡಿದು ಕೂತಳು. ಪ್ರತಿ ತಗ್ಗಿಗೂ ನನ್ನನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. ಆ ಸುಳ್ಳು ಚೆಲ್ಲಿಹೋಗಬಾರದಲ್ಲ!

ಗದಗಿನಲ್ಲಿ ದಾದಾಪೀರ ಮಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಹಲ್ಲು ಉದುರಿದ್ದವು, ಎಡಗೈ ಸೊಟ್ಟಗಾಗಿತ್ತು. ಹಿಂದೆ ಅತ್ತಿಗೆಯೆಂದೇ ಕರೆಯುತ್ತಿದ್ದ ಅವಳನ್ನು ಕಂಡು ಗಡಬಡಿಸಿ ಎದ್ದ.

"ವೈನಿ? ನೀವು... ಇಲ್ಲಿ?"

ಅವಳು ನನ್ನನ್ನು ಕಟ್ಟೆಯ ಮೇಲಿಟ್ಟಳು. "ದಾದಾಪೀರಣ್ಣ, ಈ ಗ್ಲಾಸಿನ್ಯಾಗ ನೀರು ಎಷ್ಟೈತಿ ನೋಡು."

ಅವನು ಚಷ್ಮಾ ಹಾಕಿ ಬಗ್ಗಿದ. "ಅರ್ಧ."

"ಈ ತಂತಿ ಒಳಗ ಬಿಡು."

ಬಿಟ್ಟ, ತೆಗೆದ. ಒಣತಂತಿಯನ್ನು ಎರಡು ಬೆರಳಿನಿಂದ ಒರೆಸಿ ನೋಡಿದ. ಮತ್ತೊಮ್ಮೆ ಗಾಜಿನತ್ತ ಬಗ್ಗಿದ.

"ತಪ್ಪಾತು ಅಣ್ಣಾ," ಎಂದಳು ಶಾರವ್ವ. "ನೀ ಖರೇ ಹೇಳಿದ್ದಿ. ನಾ ನಂಬಲಿಲ್ಲ."

ಅವನು ಬೈಯುತ್ತಾನೆ, ಇಲ್ಲವೇ ಅಳುತ್ತಾನೆ ಎಂದು ನಾನು ತಿಳಿದಿದ್ದೆ. ಅವನು ಎರಡೂ ಮಾಡಲಿಲ್ಲ.

"ನಾನೂ ನಂಬೂದು ಬಿಟ್ಟಿದ್ದೆ ವೈನಿ," ಎಂದ. "ಎಲ್ಲಾರೂ ಇಲ್ಲ ಇಲ್ಲ ಅಂದ್ರು. ನೋಡಿದ್ನೋ, ನೋಡೀನಿ ಅಂತ ಅಂದ್ಕೊಂಡ್ನೋ... ನನಗ ತಿಳೀದಂಗಾತು. ನಮಾಜಿನ್ಯಾಗ ಕುಂತಾಗೂ ಅದ ವಿಚಾರ. ನಾನ ನಮ್ಮ ಮಾನಪ್ಪನ್ನ ಕೊಂದೆ ಅಂತ ತಿಳಕೊಂಡು ಬದುಕೀನಿ."

ಶಾರವ್ವ ಅವನ ಸೊಟ್ಟಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಒಳಗಿನಿಂದ ಮಗಳು ತಂದಿಟ್ಟ ಚಹಾ ಆರಿಹೋಯಿತು.

ಶಾರವ್ವ ನನ್ನನ್ನು ಅಲ್ಲಿಯೇ ಬಿಟ್ಟುಹೋದಳು. ಈಗ ನಾನು ದಾದಾಪೀರನ ಮಗಳ ಮನೆಯ ಷೋಕೇಸಿನಲ್ಲಿ, ಸ್ಟೀಲ್ ಲೋಟಗಳ ಪಕ್ಕ ಇದ್ದೇನೆ. ಬಣ್ಣದ ಗುಳ್ಳೆಗಳು ಹಾಗೇ ಇವೆ. ಗಾಜಿನ ನೀರು ಎಂದೋ ಆರಿತು. ಹುಟ್ಟಿ ನಾನು ಓಡಿದ್ದು ಒಂದೇ ಒಂದು ಮುಂಜಾನೆ. ಬಂಡಿಗೆ ಅದೇನು ಬಾಳು ಎಂದು ಮೊದಮೊದಲು ಮರುಗುತ್ತಿದ್ದೆ. ಈಗ ಇಲ್ಲ. ಓಡುವ ಬಂಡಿಗಳು ಬೇಕಾದಷ್ಟಿವೆ. ನಾನು ನಿಂತದ್ದರಿಂದಲೇ ಒಬ್ಬ ಮುದುಕನಿಗೆ ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಬಂತು.

ಶಾರವ್ವ ತಿಂಗಳಿಗೊಮ್ಮೆ ಬರುತ್ತಾಳೆ. ಮೊದಲ ಸಲ ಬಂದಾಗ ಕುರ್ಚಿಯ ತುದಿಗೆ ಕೂತು, ಸೆರಗಿನ ಅಂಚು ಹೊಸೆಯುತ್ತ, ಮೂವತ್ತು ವರ್ಷ ಯಾರನ್ನೂ ಕೇಳದ ಒಂದು ಮಾತು ಕೇಳಿದಳು.

"ಅವತ್ತ ಮುಂಜಾನಿ ಅವ್ರು ನಿನ್ನ ಕೂಡ ಏನೇನು ಮಾತಾಡಿದ್ರು? ಮೊದಲಿಂದ ಹೇಳಣ್ಣಾ."

ದಾದಾಪೀರ ಚಷ್ಮಾ ತೆಗೆದಿಟ್ಟ. "ಮೊದ್ಲು ನಕ್ಕಾ ವೈನಿ," ಎಂದ. "ನೀವು ಕಟ್ಟಿದ್ದ ಬುತ್ತಿ ಬಿಚ್ಚಿ ನೋಡಿ ನಕ್ಕಾ."