ಪಟ್ಟಿಯಲ್ಲಿಲ್ಲದ ಹೆಸರು

ಯೆಸೇನಿಯಾ ಕಾಂಟೂ ನನ್ನ ತರಗತಿಗೆ ಬಂದಾಗ ಅವಳಿಗೆ ಹದಿನೇಳು ವರ್ಷ. ಬೆಳಿಗ್ಗೆ ಹೈಸ್ಕೂಲು, ಮಧ್ಯಾಹ್ನ ನಮ್ಮ ಪ್ರಾಥಮಿಕ ಶಾಲೆ, ವಾರಕ್ಕೆರಡು ಸಂಜೆ ಕಾಲೇಜಿನ ಪಾಠ. ಹೈಸ್ಕೂಲು ಮುಗಿಸುವಷ್ಟರಲ್ಲಿ ಶಿಕ್ಷಕ ತರಬೇತಿಯ ಒಂದು ವರ್ಷವೂ ಮುಗಿದಿರುತ್ತಿತ್ತು. ಟೆಕ್ಸಸ್‌ನ ಗಡಿಯಂಚಿನ ನಮ್ಮೂರಿಗೆ ಟೀಚರುಗಳೇ ಸಿಗುತ್ತಿರಲಿಲ್ಲ. ಊರಿನ ಮಕ್ಕಳನ್ನೇ ಹೀಗೆ ತಯಾರು ಮಾಡುತ್ತಿದ್ದರು. ಇಪ್ಪತ್ತಾರು ವರ್ಷ ಪಾಠ ಮಾಡಿದ್ದ ನಾನು ಅವಳಿಗೆ ಮಾರ್ಗದರ್ಶಿ.

ಅವಳಿಗೆ ಎಲ್ಲದಕ್ಕೂ ನಿಯಮ ಬೇಕು. “ಮಿಸ್ ಒಫೀಲಿಯಾ, ಕಾಲೇಜಲ್ಲಿ ಬೇರೆ ಥರ ಹೇಳ್ಕೊಟ್ರು” ಎನ್ನುತ್ತಿದ್ದಳು.

“ಪುಸ್ತಕ ಓದಿದ್ದು ಸಾಕು ಮಗಳೇ, ಮಕ್ಕಳ ಮುಖ ಓದು” ಎಂದು ನಗುತ್ತಿದ್ದೆ.

ಫೆಬ್ರವರಿಯ ಒಂದು ದಿನ ಬಂದು ಮೆಲ್ಲಗೆ ಹೇಳಿದಳು: “ನಯೇಲಿ ಮೂರು ದಿನದಿಂದ ಕಿಟಕಿ ಹತ್ರ ಕೂರ್ತಿಲ್ಲ, ಮಿಸ್.”

ನಯೇಲಿಗೆ ಆರು ವರ್ಷ. ಮೊದಲೇ ಮಾತು ಕಡಿಮೆ. “ಬಿಸಿಲು ಬೀಳುತ್ತಲ್ಲ, ಅದಕ್ಕೇ” ಎಂದೆ.

“ಬಿಸಿಲಲ್ಲ ಮಿಸ್. ಬೇಲಿ ಆಚೆ ಒಂದು ಬೂದು ಟ್ರಕ್ಕು ನಿಂತಿರುತ್ತೆ.”

ನಾನು ಹೋಗಿ ನೋಡಿದೆ. ರಸ್ತೆ ಖಾಲಿಯಿತ್ತು. ಅಲ್ಲಿಗೆ ಮರೆತೆ.

ಗುರುವಾರ ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಸಿಹಿ ಬನ್ನಿನ ಪೊಟ್ಟಣ. ಹೊರಗಿನಿಂದ ಬಂದವರಿಗೆ ಆಫೀಸಿನವರು ಅಂಟಿಸುವ ಚೀಟಿ ಎದೆಯ ಮೇಲಿತ್ತು.

“ನಯೇಲಿ ಅಪ್ಪ ನಾನು. ಅವಳಮ್ಮನಿಗೆ ಇವತ್ತು ಕೆಲಸ ಬಿಟ್ಟು ಬರಕ್ಕಾಗ್ಲಿಲ್ಲ.”

ಮಗುವಿನ ಕಣ್ಣುಗಳೇ ಅವನಿಗೂ ಇದ್ದವು. “ಕಳಿಸಮ್ಮ” ಎಂದೆ.

ಯೆಸೇನಿಯಾ ಕಡತ ತೆಗೆದು ಬೆರಳಿಟ್ಟು ಓದಿದಳು. “ಮಗೂನ ಕರ್ಕೊಂಡು ಹೋಗೋರ ಪಟ್ಟೀಲಿ ನಿಮ್ಮ ಹೆಸರಿಲ್ಲ, ಸಾರ್.”

“ಅಪ್ಪನಿಗೆ ಎಂಥ ಪಟ್ಟಿ?” ಅವನು ನಕ್ಕ.

ನಾನೂ ನಕ್ಕೆ. “ಅವಳಿನ್ನೂ ಕಲೀತಿದಾಳೆ, ಬೇಜಾರು ಮಾಡ್ಕೋಬೇಡಿ” ಎಂದೆ. ಆ ಮಾತು ಇವತ್ತಿಗೂ ನನ್ನನ್ನು ಕುಟುಕುತ್ತದೆ.

ಯೆಸೇನಿಯಾ ಕದಲಲಿಲ್ಲ. “ಮಿಸ್, ಒಂದ್ಸಲ ಮಗು ನೋಡಿ.”

ನಯೇಲಿ ಅವಳ ಬೆನ್ನಿಗೆ ಅಂಟಿಕೊಂಡು ನಿಂತಿದ್ದಳು. ಅಳು ಇಲ್ಲ, ಸದ್ದಿಲ್ಲ. ಚಡ್ಡಿ ಒದ್ದೆಯಾಗಿ ಕಾಲಬುಡದಲ್ಲಿ ನೀರು ನಿಂತಿತ್ತು.

ನನ್ನ ಕೈ ಗೋಡೆಯ ತುರ್ತು ಗುಂಡಿಯ ಕಡೆ ಹೋಯಿತು. ಅವನು ಅದನ್ನು ನೋಡಿದ. ಬನ್ನಿನ ಪೊಟ್ಟಣವನ್ನು ಹೊಸ್ತಿಲಲ್ಲಿ ನಿಧಾನವಾಗಿ ಇಟ್ಟು, ಯೆಸೇನಿಯಾಳ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ಬಿಡಿಬಿಡಿಯಾಗಿ ಓದಿದ.

“ಯೆಸೇನಿಯಾ ಕಾಂಟೂ. ಒಳ್ಳೇ ಹೆಸರು.”

ತಿರುಗಿ ಹೊರಟುಹೋದ. ಅವಸರವೇ ಇರಲಿಲ್ಲ.

ಫೋನು ಮಾಡಿದೊಡನೆ ನಯೇಲಿಯ ತಾಯಿ ಓಡಿಬಂದಳು. ನಡೆದದ್ದು ಕೇಳಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದಳು. “ಜೈಲಿಂದ ಯಾವಾಗ ಬಿಟ್ರು ಅವನ್ನ?” ಅಷ್ಟೇ ಕೇಳಿದಳು. ಪೊಲೀಸರು ಬಂದು ಬರೆದುಕೊಂಡರು, ಅವನು ಸಿಗಲಿಲ್ಲ.

ಮರುದಿನ ನಯೇಲಿಯ ಜಾಗ ಖಾಲಿ. ಮನೆಯಲ್ಲೂ ಯಾರೂ ಇಲ್ಲ, ಒಲೆಯ ಮೇಲೆ ಬೀನ್ಸ್ ಪಾತ್ರೆ ಹಾಗೇ ಇದೆ ಎಂದು ಪಕ್ಕದವರು ಹೇಳಿದರು. ತಾಯಿ ಮಗಳು ಎಲ್ಲಿಗೆ ಹೋದರೋ ನಮಗೆ ಯಾರೂ ತಿಳಿಸಲಿಲ್ಲ.

ಯೆಸೇನಿಯಾ ಮಾತ್ರ ಮಧ್ಯಾಹ್ನ ಸರಿಯಾದ ಹೊತ್ತಿಗೆ ಬಂದಳು. “ಎರಡು ದಿನ ರಜೆ ತಗೊ” ಎಂದೆ.

“ಬಾಗಿಲಲ್ಲಿ ಯಾರು ನಿಲ್ತಾರೆ, ಮಿಸ್?”

ಅಂದಿನಿಂದ ಶಾಲೆ ಬಿಟ್ಟ ಮೇಲೆ ಯೆಸೇನಿಯಾಳ ಅಪ್ಪನೇ ಬಂದು ಅವಳನ್ನು ಕರೆದೊಯ್ಯುತ್ತಿದ್ದ. ಅವನು ಹಾರ್ನ್ ಒತ್ತಿದರೂ ಅವಳು ತಕ್ಷಣ ಹೊರಡುತ್ತಿರಲಿಲ್ಲ. ಗಾಜಿನ ಬಾಗಿಲ ಹಿಂದೆ ನಿಂತು, ರಸ್ತೆಯಲ್ಲಿದ್ದ ಒಂದೊಂದೇ ಗಾಡಿಯೊಳಗಿನ ಮುಖವನ್ನು ನೋಡಿದ ಮೇಲೆಯೇ ಹೆಜ್ಜೆ ಹೊರಗಿಡುತ್ತಿದ್ದಳು.