ಒರೆಸಿದ ಬಾಯಿ

ಮೂರನೆಯ ಪಟ್ಟಿಯೂ ಬೆಳ್ಳಗೇ ಉಳಿಯಿತು. ನರ್ಸಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ನೆಟ್ಟಗೆ ಮಾಡಿ ನೋಡಿದರು. ಹಾಲು ಕುಡಿದ ಮಗುವಿನ ಬಾಯಿಂದ ಹತ್ತಿಕಡ್ಡಿಯಲ್ಲಿ ಜೊಲ್ಲು ತೆಗೆದು ಒತ್ತಿದ ಪಟ್ಟಿ ಅದು. ಹೊಟ್ಟೆಯ ಹುಳಿರಸ ಮೇಲೆ ಬಂದಿದ್ದರೆ ಅಲ್ಲೊಂದು ಗುಲಾಬಿ ಗೆರೆ ಮೂಡಬೇಕಿತ್ತು.

ಡಾಕ್ಟರು ಗೋಡೆಗೆ ಒರಗಿ ಕಣ್ಣುಜ್ಜಿಕೊಂಡರು. ಹಾಲು ಕುಡಿದ ಮೇಲೆ ಮಗು ಬಿಲ್ಲಿನಂತೆ ಬೆನ್ನು ಬಾಗಿಸುತ್ತದೆ, ಉಸಿರು ಮರೆಯುತ್ತದೆ, ಉಸಿರು ಕಾಯುವ ಯಂತ್ರ ಕೂಗಿಕೊಳ್ಳುತ್ತದೆ. ಪಟ್ಟಿ ಮಾತ್ರ ಏನೂ ಇಲ್ಲ ಅನ್ನುತ್ತದೆ. ಹಾಗಿದ್ದರೆ ನಾಳೆ ಮೂಗಿನಿಂದ ಹುಳಿ ಅಳೆಯುವ ನಳಿಗೆ ಇಳಿಸಿ ಇಡೀ ದಿನ ಬಿಟ್ಟು ನೋಡುವುದೇ ಸರಿ ಎಂದು, ಮನಸ್ಸಿಲ್ಲದ ಮನಸ್ಸಿನಿಂದ ಹೇಳಿ ಹೊರಟರು. ಎರಡು ತಿಂಗಳು ಮೊದಲೇ ಹುಟ್ಟಿದ ಆ ಮಗುವಿನ ಮೂಗಿನಿಂದ ಹಾಲಿನ ನಳಿಗೆ ತೆಗೆದು ನಾಲ್ಕೇ ದಿನವಾಗಿತ್ತು. ಟೇಪು ಅಂಟಿಸಿದ್ದ ಕಡೆ ಕೆನ್ನೆ ಇನ್ನೂ ಕೆಂಪಗಿತ್ತು.

ಕುರ್ಚಿಯಲ್ಲಿ ಕೂತಿದ್ದ ತಾಯಿ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮುದುರಿಕೊಂಡಳು.

ಆ ವಾರ್ಡಿನ ತಾಯಂದಿರಿಗೆ ತಮ್ಮದೇ ಒಂದು ಕಾನೂನಿತ್ತು: ಮಗು ಕಕ್ಕಿದ್ದು ನರ್ಸಿನ ಕಣ್ಣಿಗೆ ಬಿದ್ದರೆ ಮನೆಗೆ ಹೋಗುವುದು ಒಂದು ವಾರ ಮುಂದಕ್ಕೆ. ಎಲ್ಲೂ ಬರೆದಿಟ್ಟದ್ದಲ್ಲ, ಹಳಬರು ಹೊಸಬರ ಕಿವಿಯಲ್ಲಿ ಊದುತ್ತಿದ್ದರು. ಇವಳಿಗೆ ಊದಿದ್ದು ಪಕ್ಕದ ಅವಳಿ ಮಕ್ಕಳ ತಾಯಿ. ಬಟ್ಟೆಯ ತುದಿಯನ್ನು ಬಿಸಿನೀರಲ್ಲಿ ಅದ್ದಿ, ಬೆರಳಿಗೆ ಸುತ್ತಿ, ಒಸಡಿನ ಸಂದಿಯನ್ನೂ ಒರೆಸುವುದನ್ನು ಕಲಿಸಿಕೊಟ್ಟು, ಅವಳು ಎರಡು ಮಕ್ಕಳನ್ನೂ ಎತ್ತಿಕೊಂಡು ಮನೆ ಸೇರಿಯೂ ಬಿಟ್ಟಿದ್ದಳು. ಇವಳ ಕೈ ಬೇಗ ಪಳಗಿತು. ನರ್ಸಮ್ಮ ಹತ್ತಿಕಡ್ಡಿ ತರುವುದರೊಳಗೆ ಮಗುವಿನ ಬಾಯಿ ತೊಳೆದಿಟ್ಟ ಲೋಟದಂತಿರುತ್ತಿತ್ತು.

"ಸಿಸ್ಟರ್," ಎಂದಳು. "ನಾನೇ ಒರೆಸ್ತಿದ್ದೆ. ನೀವು ಬರೋದ್ರೊಳಗೆ. ಪ್ರತಿ ಸಲ."

ಬೈಗುಳ ಬರುತ್ತದೆಂದು ತಲೆ ತಗ್ಗಿಸಿದಳು. ನರ್ಸಮ್ಮ ಪಟ್ಟಿಯನ್ನು ಟ್ರೇಗೆ ಹಾಕಿದರು.

"ಅದಕ್ಕೇ ಇಷ್ಟು ಚೊಕ್ಕ! ಇಪ್ಪತ್ತು ವರ್ಷದಲ್ಲಿ ಜೊಲ್ಲೇ ಸುರಿಸದ ಮಗು ನೋಡಿರಲಿಲ್ಲ ನಾನು. ಯಾವ ಮಹಾತ್ಮ ಹುಟ್ಟಿದಾನೋ ಅಂದ್ಕೊಂಡಿದ್ದೆ."

ಇವಳಿಗೆ ಅಳುವಿನ ಜೊತೆಗೇ ನಗು ಬಂತು. "ಮನೆಗೆ ಕಳಿಸೋದೇ ಇಲ್ಲ ಅಂತ ಹೆದರಿಕೆ ಆಯ್ತು."

"ಏನಿದೆ ಅಂತ ಗೊತ್ತಾಗದೆ ಕಳಿಸಿದ್ರೆ, ಅಲ್ಲಿ ಕೂಗೋಕೆ ಯಂತ್ರ ಇರಲ್ಲಮ್ಮ."

ನಗು ಅಲ್ಲಿಗೇ ನಿಂತಿತು.

ಇನ್ನೊಂದೇ ಸಲ ನೋಡೋಣವೆಂದು ನರ್ಸಮ್ಮ ಹೋಗಿ ಡಾಕ್ಟರನ್ನು ಒಪ್ಪಿಸಿ ಬಂದರು. ಮಧ್ಯಾಹ್ನ ಎರಡರ ಹಾಲು ಕುಡಿಸಿ ಮಗುವನ್ನು ಮಲಗಿಸಿದ ಮೇಲೆ ತಾಯಿ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡು ಕೂತಳು. ಮಗು ಬೆನ್ನು ಬಾಗಿಸಿತು, ಮುಖ ಕಿವುಚಿತು. ತುಟಿಯ ಮೂಲೆಯಿಂದ ಹೊರಟ ಮೊಸರಿನಂಥ ಹನಿ ಕೆನ್ನೆಗುಂಟ ನಿಧಾನಕ್ಕೆ ಇಳಿಯಿತು, ಕಿವಿಯ ಹತ್ತಿರ ಬಂತು. ಅವಳ ಬೆರಳುಗಳು ಮರಗಟ್ಟಿದ್ದವು. ಕೈ ತೆಗೆಯಲಿಲ್ಲ.

ನರ್ಸಮ್ಮ ಹತ್ತಿಕಡ್ಡಿಯನ್ನು ತುಟಿಗಳ ನಡುವೆ ಸರಿಸಿದರು. ಮಗು ಅದನ್ನು ಒಸಡಲ್ಲಿ ಅದುಮಿ ಹಿಡಿದು ಚೀಪತೊಡಗಿತು. ಮೆಲ್ಲಗೆ ಎಳೆದರೂ ಬಿಡಲಿಲ್ಲ. ಅದು ತಾನಾಗಿ ಬಿಡುವವರೆಗೆ ಇಬ್ಬರೂ ಬಗ್ಗಿಕೊಂಡು ಕಾದರು.