ಹತ್ತು ಗಂಟೆಯ ಮಾತ್ರೆ

"ತಲೆ ಅಲ್ಲಾಡಿಸದೆ ನನ್ನ ಕೈಗೆ ಗಡ್ಡ ಕೊಟ್ಟಿದ್ದು ಇವತ್ತೇ ಕಣೋ," ಎನ್ನುತ್ತ ಪಾಲುದಾರ ಸತ್ತವನ ಕೆನ್ನೆಗೆ ಇನ್ನೊಮ್ಮೆ ನೊರೆ ಹಚ್ಚಿದ. ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ. ಇಪ್ಪತ್ತೆಂಟು ವರ್ಷ ಇಬ್ಬರೂ ಸೇರಿ ಒಂದೇ ಕ್ಷೌರದಂಗಡಿ ನಡೆಸಿದವರು. ಕತ್ತಿ ಹಿಡಿದ ಕೈ ಗಲ್ಲದ ಹತ್ತಿರ ಬಂದು ನಿಂತುಹೋಯಿತು.

ಪಕ್ಕದ ಮನೆಯವಳು ಸತ್ತವನ ಹೆಂಡತಿಯ ಬೆನ್ನು ಸವರುತ್ತಿದ್ದಳು. "ಒಂಬತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡ್ರಿ. ಮಾತ್ರೆ ಒಂದು ನಿಮಿಷ ಆಚೀಚೆ ಆಗೋಕೆ ಬಿಡ್ತಿರ್ಲಿಲ್ಲ. ಯಾರ ಕೈಲಾಗುತ್ತೆ ಹೇಳಿ?"

ಸಾಕು, ಬಾಯಿ ಮುಚ್ಚು ಮಾರಾಯ್ತಿ ಎಂದು ಕಿರುಚಬೇಕೆನಿಸಿತು ಅವಳಿಗೆ.

ಮಗಳು ಒಳಗಿಂದ ಬಂದು ಪಾಲುದಾರನ ಎದುರು ನಿಂತಳು. "ಅಪ್ಪ ಬಿದ್ದ ಆ ಮೆಟ್ಟಿಲು ಒರೆಸಿದ್ದು ಯಾರು, ಚಿಕ್ಕಪ್ಪ?"

"ನಾನೇ ಕಣಮ್ಮ."

"ಒಣಗಿತ್ತಾ?"

"ಒಣಗಿತ್ತು ಅಂದ್ಕೊಂಡೆ… ಈಗ ಏನಂತ ಹೇಳ್ಲಿ. ನನ್ನದೇ ತಪ್ಪಿರಬಹುದು."

"ದಿನಾ ಹತ್ತೂವರೆಗೆ ಅಪ್ಪ ಚೆನ್ನಾಗೇ ನಡೀತಿದ್ರು. ಸುಮ್‌ಸುಮ್ನೆ ಬೀಳ್ತಾರಾ? ನೀವು ಸ್ಮಶಾನಕ್ಕೆ ಹೋಗೋ ವ್ಯಾನ್ ಹತ್ತಬೇಡಿ. ನಿಮ್ಮ ಮುಖ ನೋಡೋಕಾಗಲ್ಲ ನನ್ನ ಕೈಲಿ."

"ಆಯ್ತು," ಎಂದ ಅವನು. "ಒಂದು ಕೆನ್ನೆ ಬಾಕಿ ಇದೆ. ಮುಗಿಸಿ ಹೋಗ್ತೀನಿ."

*

ಅವನಿಗೆ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಬಂದಮೇಲೆ ಆ ಅಂಗಡಿ ಮಾತ್ರೆಯ ಪ್ರಕಾರ ನಡೆಯುತ್ತಿತ್ತು. ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ನುಂಗಿದ ಮೇಲೆ ಒಂದು ಗಂಟೆ ಹೊಟ್ಟೆಗೆ ಏನೂ ಇಲ್ಲ. ಹತ್ತರ ಮಾತ್ರೆ ಅರ್ಧ ಗಂಟೆಗೆ ಹಿಡಿಯುತ್ತಿತ್ತು. ನಡುಕ ಇಳಿದು, ಕಾಲು ಸಡಿಲವಾಗಿ, ಅವನು ಮನೆಯಿಂದ ಮೂರು ಮೆಟ್ಟಿಲು ಇಳಿದು ಅಂಗಡಿ ಸೇರುತ್ತಿದ್ದ. ಹನ್ನೆರಡೂವರೆಯೊಳಗೆ ಬಂದ ಗಿರಾಕಿಗಳಿಗೆ ಮಾತ್ರ ಅವನ ಕೈಯ ಕಟಿಂಗ್. ಮೊಟ್ಟೆ, ಹಾಲು, ಬೇಳೆ ಎಲ್ಲ ಮಾತ್ರೆಯ ಬಲ ಮುರಿಯುತ್ತವೆ, ರಾತ್ರಿಗೆ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಕಾಲು ಹೇಗಿದೆ ಎಂದು ಮನೆಯಲ್ಲಿ ಯಾರೂ ಕೇಳುವುದನ್ನೇ ಬಿಟ್ಟಿದ್ದರು. ಗಂಟೆ ಎಷ್ಟು ಎಂದು ಕೇಳಿದರೆ ಸಾಕಾಗುತ್ತಿತ್ತು.

ಮೊನ್ನೆ ಬೆಳಗ್ಗೆ ಒಂಬತ್ತೂವರೆಗೆ ಹೆಂಡತಿ ತನಗೆಂದು ಆಮ್ಲೆಟ್ ಹಾಕುತ್ತಿದ್ದಳು.

"ಒಂದು ತುಂಡು ಕೊಡೇ. ವಾಸನೆ ಕುಡಿದೂ ಕುಡಿದೂ ಸಾಕಾಯ್ತು."

"ರಾತ್ರಿ ಕೊಡ್ತೀನಿ ಇರಿ."

"ರಾತ್ರಿ ನನ್ನ ದವಡೆನೇ ಆಡಲ್ಲ. ಬಿಸಿಬಿಸಿ ತಿನ್ನೋ ಯೋಗ ಇಲ್ಲ ಬಿಡು ನನಗೆ."

ಒಂದು ದಿನ ತಾನೆ, ಎಂದುಕೊಂಡಳು ಅವಳು. ಎರಡು ಮೊಟ್ಟೆಯದ್ದನ್ನು ಪೂರ್ತಿ ಅವನ ತಟ್ಟೆಗೆ ಹಾಕಿದಳು. ಅವನು ಬೆರಳು ಚೀಪಿ ತಿಂದ. ಎಷ್ಟೋ ತಿಂಗಳ ಮೇಲೆ ಅವಳಿಗೆ ಅಡುಗೆ ಮಾಡಿದ್ದಕ್ಕೆ ಖುಷಿಯಾಯಿತು. ಹತ್ತಕ್ಕೆ ಮಾತ್ರೆ ಕೊಟ್ಟು ಬಟ್ಟೆ ಒಗೆಯಲು ಹೋದಳು.

"ಟೈಮಾಯ್ತೇನೇ?" ಎಂದು ಅವನು ಕೂಗಿದ.

"ಹತ್ತೂವರೆ ಆಯ್ತು! ಹೊರಡಿ ಹೊರಡಿ, ಗಿರಾಕಿ ಕಾಯ್ತಿರ್ತಾರೆ."

ಅವಳ ಮಾತು ನಂಬಿ ಅವನು ಎದ್ದ. ಹಾಳಾದ ಗಡಿಯಾರವೇನೋ ಸರಿಯಾಗಿಯೇ ಇತ್ತು. ಎರಡನೆಯ ಮೆಟ್ಟಿಲಲ್ಲಿ ಕಾಲು ನೆಲಕ್ಕೆ ಕಚ್ಚಿಕೊಂಡಿತು, ಮೈ ಮಾತ್ರ ಮುಂದಕ್ಕೆ ಹೋಯಿತು. ತಲೆ ಕಲ್ಲಿಗೆ ಬಡಿದ ಸದ್ದು ಬಚ್ಚಲಲ್ಲಿದ್ದ ಅವಳಿಗೂ ಕೇಳಿಸಿತು.

*

ವ್ಯಾನ್ ಬಂತು. ಶವದ ಪೆಟ್ಟಿಗೆ ಏರಿಸಿದರು. ಪಾಲುದಾರ ಕತ್ತಿ ಒರೆಸಿ ಜೇಬಿಗೆ ಹಾಕಿಕೊಂಡು ಯಾರ ಕಡೆಗೂ ನೋಡದೆ ರಸ್ತೆಯತ್ತ ನಡೆದ.

"ನಿಂತ್ಕೊಳ್ಳಪ್ಪ," ಎಂದಳು ಹೆಂಡತಿ. ಮಗಳ ಕಡೆ ತಿರುಗಿದಳು. "ಮೆಟ್ಟಿಲು ಒಣಗಿತ್ತು ಕಣೇ. ಅವರನ್ನ ಎತ್ತೋಕೆ ಅಲ್ಲೇ ಮಂಡಿ ಊರಿದ್ನಲ್ಲ, ನನಗೆ ಗೊತ್ತು."

"ಮತ್ತೆ?"

"ಮಾತ್ರೆಗೆ ಮುಂಚೆ ಮೊಟ್ಟೆ ಕೊಟ್ಟಿದ್ದೆ. ಎರಡು. ಆಸೆಪಟ್ರು, ಕೊಟ್ಟುಬಿಟ್ಟೆ. ಮಾತ್ರೆ ಹಿಡೀಲಿಲ್ಲ. ಟೈಮಾಯ್ತು ಹೊರಡಿ ಅಂತ ನಾನೇ ಕಳಿಸಿದೆ."

"ಈಗ್ಯಾಕೆ ಅತ್ತಿಗೆ ಅದೆಲ್ಲ…" ಎಂದ ಪಾಲುದಾರ.

ಮಗಳು ವ್ಯಾನಿನ ಕಡೆಗೆ ತಿರುಗಿದಳು.

"ಬೈದುಬಿಡೇ," ಎಂದಳು ತಾಯಿ. "ಏನಾದ್ರೂ ಅನ್ನೇ."

ಪೆಟ್ಟಿಗೆಯ ಪಕ್ಕದಲ್ಲಿ ಮೂವರು ಕೂರುವಷ್ಟು ಉದ್ದದ ಸೀಟಿತ್ತು. ಮಗಳು ಹತ್ತಿ ಕಿಟಕಿಯ ಬದಿಗೆ ಸರಿದಳು. "ಚಿಕ್ಕಪ್ಪ, ಬನ್ನಿ," ಎಂದು ಕರೆದಳು. ಅವನು ಅತ್ತಿಗೆಯ ಮುಖ ನೋಡಿ, ತಲೆ ತಗ್ಗಿಸಿ ಹತ್ತಿ, ನಡುವೆ ಜಾಗ ಬಿಟ್ಟು ಆ ತುದಿಗೆ ಕೂತ.

ಹೆಂಡತಿ ಬಾಗಿಲಿನ ಹಿಡಿ ಹಿಡಿದು ಹತ್ತಲು ಹೋದಳು. ಮಗಳು ಹೆಗಲಿನ ಚೀಲ ತೆಗೆದು ನಡುವಿನ ಜಾಗದಲ್ಲಿ ಇಟ್ಟಳು.